ತಲೆಹೊಟ್ಟಿಗೆ ಎಣ್ಣೆ ಹಚ್ಚಬೇಕೋ, ಬಿಡಬೇಕೋ? ತುಮಕೂರು ಸೀಮೆಯವರ ಚರ್ಚೆ

ತಿಪಟೂರಿನ ಗೃಹಿಣಿ

ಎಲ್ಲರಿಗೂ ನಮಸ್ಕಾರ. ಎಸ್‌ಎಸ್‌ಎಲ್‌ಸಿ ಓದುತ್ತಿರುವ ನಮ್ಮ ಮಗನಿಗೆ ಕಳೆದ ಚಳಿಗಾಲದಿಂದ ತಲೆಹೊಟ್ಟು ವಿಪರೀತವಾಗಿದೆ. ಸಮವಸ್ತ್ರ ಕಡುನೀಲಿಯಾದ್ದರಿಂದ ಹೆಗಲ ಮೇಲೆ ಉದುರಿದ್ದೆಲ್ಲ ಎದ್ದು ಕಾಣುತ್ತದೆ. ಹುಡುಗನಿಗೆ ಅದೇ ಸಂಕೋಚ. ನೆತ್ತಿ ಒಣಗಿರುವುದರಿಂದಲೇ ಹೀಗಾಗಿದೆ, ಮಲಗುವ ಮೊದಲು ಕೊಬ್ಬರಿ ಎಣ್ಣೆಯನ್ನು ಚೆನ್ನಾಗಿ ತಿಕ್ಕಿದರೆ ಸರಿಹೋಗುತ್ತದೆ ಎಂಬುದು ನಮ್ಮ ಅತ್ತೆಯವರ ಮಾತು. ಹಾಗೆಯೇ ಮಾಡುತ್ತಿದ್ದೇವೆ. ಎಣ್ಣೆ ಹಚ್ಚಿದ ರಾತ್ರಿ ಹೊಟ್ಟು ಮಾಯವಾದಂತೆ ಕಾಣುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಮೊದಲಿಗಿಂತ ದಪ್ಪನಾದ, ಹಳದಿ ಬಣ್ಣಕ್ಕೆ ತಿರುಗಿದ ಹಕ್ಕಳೆ ಏಳುತ್ತದೆ, ಕೆರೆತವೂ ಹೆಚ್ಚಾಗುತ್ತದೆ. ಇದು ನಿಜವಾಗಿಯೂ ಒಣಗಿದ ಚರ್ಮದ ತೊಂದರೆಯೇ? ಅವನ ತಂಗಿಯೂ ಅದೇ ಬಾಚಣಿಗೆಯಲ್ಲಿ ತಲೆ ಬಾಚಿಕೊಳ್ಳುವುದರಿಂದ ಅವಳಿಗೂ ಅಂಟಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಗುಬ್ಬಿಯ ಓದುಗ

ಅಕ್ಕಾ, ಮೊಸರಿಗೆ ನಿಂಬೆರಸ ಹಿಂಡಿ ನೆತ್ತಿಗೆ ಹಚ್ಚಿ, ಅರ್ಧ ಗಂಟೆ ಬಿಸಿಲಿನಲ್ಲಿ ಕೂರಿಸಿ ತಲೆಗೆ ನೀರು ಹಾಕಿ. ರಾತ್ರಿ ನೆನೆಸಿದ ಮೆಂತ್ಯವನ್ನು ರುಬ್ಬಿ ಹಚ್ಚುವುದೂ ಒಳ್ಳೆಯದು. ನಮ್ಮ ಅಜ್ಜಿ ಜೀವಮಾನದಲ್ಲಿ ಶಾಂಪೂ ಮುಟ್ಟಿದವರಲ್ಲ, ಅವರ ತಲೆಯಲ್ಲಿ ಹೊಟ್ಟು ಎಂಬುದನ್ನೇ ನಾವು ಕಂಡಿರಲಿಲ್ಲ. ಈಗಿನ ರಾಸಾಯನಿಕಗಳೇ ಇದಕ್ಕೆಲ್ಲ ಮೂಲ ಎಂಬುದು ನನ್ನ ಅಭಿಪ್ರಾಯ.

ಚರ್ಮವೈದ್ಯೆ, ತುಮಕೂರು

ತಿಪಟೂರಿನ ಅಮ್ಮನವರೇ, ನೀವು ಗಮನಿಸಿರುವುದರಲ್ಲಿಯೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ಎಣ್ಣೆ ಹಚ್ಚಿದಾಗ ಹೊಟ್ಟು ಹೋಗುವುದಿಲ್ಲ. ಬಿಳಿಯ ಪದರಗಳು ಎಣ್ಣೆಯಲ್ಲಿ ನೆನೆದು ನೆತ್ತಿಗೆ ಅಂಟಿಕೊಳ್ಳುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಎರಡು ದಿನದ ನಂತರ ಹೆಚ್ಚಾಗಿ ಏಳುವುದಕ್ಕೆ ಬೇರೆ ಕಾರಣವಿದೆ.

ನಮ್ಮೆಲ್ಲರ ನೆತ್ತಿಯ ಮೇಲೂ ಮಲಸೀಜಿಯಾ ಎಂಬ ಯೀಸ್ಟ್ ಜಾತಿಯ ಶಿಲೀಂಧ್ರ ವಾಸಿಸುತ್ತದೆ. ಹೊಟ್ಟು ಇರುವವರಲ್ಲಿಯೂ ಇದೆ, ಇಲ್ಲದವರಲ್ಲಿಯೂ ಇದೆ. 19ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಲಸೇ ಅವರು ಹೊಟ್ಟಿನ ಪದರಗಳಲ್ಲಿ ಇದನ್ನು ಗುರುತಿಸಿದ್ದರಿಂದ ಅವರ ಹೆಸರೇ ಅದಕ್ಕೆ ಉಳಿದುಕೊಂಡಿತು. 2007ರಲ್ಲಿ ಮಲಸೀಜಿಯಾ ಗ್ಲೋಬೋಸಾ ಎಂಬ ಪ್ರಭೇದದ ಪೂರ್ಣ ವಂಶವಾಹಿ ನಕ್ಷೆ ಪ್ರಕಟವಾದಾಗ ಒಂದು ಕುತೂಹಲದ ಸಂಗತಿ ಸ್ಪಷ್ಟವಾಯಿತು. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳುವ ಶಕ್ತಿ ಈ ಜೀವಿಗೆ ಇಲ್ಲ. ಆದ್ದರಿಂದ ಅದು ನಮ್ಮ ಚರ್ಮದ ಎಣ್ಣೆಗ್ರಂಥಿಗಳು ಸುರಿಸುವ ಜಿಡ್ಡನ್ನು ನಂಬಿಕೊಂಡೇ ಬದುಕುತ್ತದೆ. ಆ ಜಿಡ್ಡನ್ನು ಒಡೆದು ತನಗೆ ಬೇಕಾದುದನ್ನು ಹೀರಿಕೊಂಡು, ಓಲಿಯಿಕ್ ಆಮ್ಲದಂತಹ ಬೇಡದ ಭಾಗವನ್ನು ನೆತ್ತಿಯ ಮೇಲೆಯೇ ಬಿಡುತ್ತದೆ. ಕೆಲವರ ಚರ್ಮ ಇದನ್ನು ಸಹಿಸಿಕೊಳ್ಳುತ್ತದೆ, ಕೆಲವರ ಚರ್ಮ ಕೆರಳುತ್ತದೆ. ಕೆರಳಿದ ಚರ್ಮ ತನ್ನ ಮೇಲ್ಪದರವನ್ನು ಬೇಗ ಬೇಗ ಕಳಚಲು ತೊಡಗುತ್ತದೆ. ಸಾಮಾನ್ಯವಾಗಿ ಸುಮಾರು 28 ದಿನಗಳಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಪುಡಿಯಾಗಿ ಉದುರಬೇಕಾದ ಜೀವಕೋಶಗಳು ಅವಧಿಗೆ ಮೊದಲೇ, ಒಂದಕ್ಕೊಂದು ಅಂಟಿಕೊಂಡ ಚಕ್ಕೆಗಳಾಗಿ ಏಳುತ್ತವೆ. ನಾವು ಹೊಟ್ಟು ಎನ್ನುವುದು ಇದನ್ನೇ.

ಹೀಗಾಗಿ ಹೊಟ್ಟು ಬಹುಪಾಲು ಜಿಡ್ಡಿನ ನೆತ್ತಿಯ ತೊಂದರೆ, ಒಣ ನೆತ್ತಿಯದಲ್ಲ. ಹರೆಯ ಬರುವ ವಯಸ್ಸಿನಲ್ಲಿ ಎಣ್ಣೆಗ್ರಂಥಿಗಳು ಚುರುಕಾಗುವುದರಿಂದ ಹೊಟ್ಟು ಶುರುವಾಗುವುದೂ ಆಗಲೇ. ನಿಮ್ಮ ಮಗನ ವಯಸ್ಸು ಅದಕ್ಕೆ ಸರಿಯಾಗಿದೆ. ಚಳಿಗಾಲದಲ್ಲಿ ಗಾಳಿ ಒಣಗಿ, ಹಂಡೆಯಲ್ಲಿ ಕುದಿಯುವ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವ ಅಭ್ಯಾಸವೂ ಸೇರಿದರೆ ಕೆರಳಿದ ನೆತ್ತಿ ಇನ್ನಷ್ಟು ಕೆರಳುತ್ತದೆ. ಪರೀಕ್ಷೆಯ ಚಿಂತೆ, ನಿದ್ದೆಗೆಡುವುದು ಇವೂ ಹೆಚ್ಚಿಸುತ್ತವೆ.

ಬಾಚಣಿಗೆಯ ವಿಷಯ: ಹೊಟ್ಟು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೂ ಬಾಚಣಿಗೆ ಬೇರೆಯಿರಲಿ, ಏಕೆಂದರೆ ಹೇನು ಮತ್ತು ಹುಳುಕಡ್ಡಿ ಖಂಡಿತವಾಗಿಯೂ ಅಂಟುತ್ತವೆ.

ಗುಬ್ಬಿಯವರು ಹೇಳಿದ ಮೆಂತ್ಯ, ಮೊಸರಿನಿಂದ ದೊಡ್ಡ ಹಾನಿಯಿಲ್ಲ, ದೊಡ್ಡ ಲಾಭವೂ ಇಲ್ಲ. ನಿಂಬೆರಸ ಹಚ್ಚಿ ಬಿಸಿಲಿನಲ್ಲಿ ಕೂರಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ನಿಂಬೆಯ ಜಾತಿಯ ಹಣ್ಣುಗಳ ರಸ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಬೊಬ್ಬೆ ಏಳುವುದುಂಟು. ಹಣೆಯ ಅಂಚಿನಲ್ಲಿ, ಕಿವಿಯ ಹತ್ತಿರ ರಸ ಹರಿದ ಜಾಡಿನಲ್ಲಿಯೇ ಕಪ್ಪು ಗೆರೆಗಳು ಮೂಡಿ, ಮಾಸಲು ತಿಂಗಳುಗಳೇ ಬೇಕಾಗುತ್ತವೆ.

ತುರುವೇಕೆರೆಯ ತೆಂಗು ಬೆಳೆಗಾರ

ಡಾಕ್ಟರಮ್ಮನವರಿಗೆ ನಮಸ್ಕಾರ. ಕಲ್ಪತರು ನಾಡಿನಲ್ಲಿ ಕುಳಿತು ಕೊಬ್ಬರಿ ಎಣ್ಣೆ ಬೇಡ ಎಂದರೆ ನಾವು ಹೇಗೆ ಒಪ್ಪುವುದು? ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಉಂಡೆ ಕೊಬ್ಬರಿಯಲ್ಲಿ ಮಾರಾಟಕ್ಕೆ ಆಗದ ಒಡಕು ಕೊಬ್ಬರಿಯನ್ನು ಗಾಣಕ್ಕೆ ಹಾಕಿಸಿ, ಆ ಎಣ್ಣೆಯನ್ನೇ ನಾವು ತಲೆಮಾರುಗಳಿಂದ ತಲೆಗೆ ಹಚ್ಚುತ್ತ ಬಂದಿದ್ದೇವೆ. ಕೊಬ್ಬರಿ ಎಣ್ಣೆಯಲ್ಲಿರುವ ಲಾರಿಕ್ ಆಮ್ಲಕ್ಕೆ ಶಿಲೀಂಧ್ರವನ್ನು ಕೊಲ್ಲುವ ಗುಣವಿದೆ ಎಂದು ಎಲ್ಲ ಕಡೆಯೂ ಹೇಳುತ್ತಾರೆ. ಇದಕ್ಕೆ ತಾವೇನು ಹೇಳುತ್ತೀರಿ? ಅಂಗಡಿಯಲ್ಲಿ ಸಿಗುವ ಪರಿಮಳದ ಎಣ್ಣೆಯ ತಪ್ಪನ್ನು ನಮ್ಮ ಗಾಣದ ಎಣ್ಣೆಯ ತಲೆಗೆ ಕಟ್ಟಬಾರದು.

ಚರ್ಮವೈದ್ಯೆ, ತುಮಕೂರು

ಗೌಡರೇ, ನಿಮ್ಮ ಎಣ್ಣೆಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ನಮ್ಮ ಮನೆಯ ಒಗ್ಗರಣೆಯೂ ಅದರಲ್ಲಿಯೇ ಆಗುತ್ತದೆ. ಕೊಬ್ಬರಿ ಎಣ್ಣೆಯ ಹೆಚ್ಚುಕಡಿಮೆ ಅರ್ಧ ಭಾಗ ಲಾರಿಕ್ ಆಮ್ಲದಿಂದಲೇ ಆದದ್ದು ಎಂಬುದು ನಿಜ. ಬಿಡಿಯಾಗಿ ಬೇರ್ಪಡಿಸಿದ ಲಾರಿಕ್ ಆಮ್ಲ ಪ್ರಯೋಗಾಲಯದಲ್ಲಿ ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ ಎಂಬುದೂ ನಿಜ. ಆದರೆ ಎಣ್ಣೆಯಲ್ಲಿ ಅದು ಗ್ಲಿಸರಾಲ್‌ಗೆ ಕಟ್ಟುಬಿದ್ದ ಸ್ಥಿತಿಯಲ್ಲಿರುತ್ತದೆ. ರಾತ್ರಿಯಿಡೀ ನೆತ್ತಿಯ ಮೇಲೆ ಉಳಿದ ಎಣ್ಣೆ ಈ ಯೀಸ್ಟಿಗೆ ಔಷಧವಾಗುವುದಕ್ಕಿಂತ ಆಹಾರವಾಗುವುದೇ ಹೆಚ್ಚು. ಆಲಿವ್ ಎಣ್ಣೆ, ಬಾದಾಮಿ ಎಣ್ಣೆಗಳಲ್ಲಂತೂ ಓಲಿಯಿಕ್ ಆಮ್ಲವೇ ಪ್ರಧಾನ. ಮಲಸೀಜಿಯಾವನ್ನು ಪ್ರಯೋಗಾಲಯದಲ್ಲಿ ಬೆಳೆಸಬೇಕಾದಾಗ ಗಾಜಿನ ತಟ್ಟೆಯಲ್ಲಿನ ಆಹಾರದ ಮೇಲೆ ಆಲಿವ್ ಎಣ್ಣೆಯನ್ನು ಸವರುವ ಪದ್ಧತಿ ಬಹಳ ಕಾಲದಿಂದ ಇದೆ. ಎಣ್ಣೆಯಿಲ್ಲದ ತಟ್ಟೆಯಲ್ಲಿ ಅದರ ಬಹುತೇಕ ಪ್ರಭೇದಗಳು ಬೆಳೆಯುವುದೇ ಇಲ್ಲ. ನಿಮ್ಮ ತೋಟದಲ್ಲಿ ಕಳೆಗೆ ಗೊಬ್ಬರ ಹಾಕಿದಂತೆ ಎಂದು ತಿಳಿಯಿರಿ.

ಇಷ್ಟಾದರೂ ಎಣ್ಣೆಯಿಂದ ಕೂದಲಿಗೆ ಪ್ರಯೋಜನವಿದೆ. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಕ್ಕೆ ಇಳಿಯಬಲ್ಲದು, ತೊಳೆಯುವಾಗ ಎಳೆಯಿಂದ ಪ್ರೋಟೀನ್ ಸೋರಿಹೋಗುವುದನ್ನು ಕಡಿಮೆ ಮಾಡಬಲ್ಲದು. ಆದ್ದರಿಂದ ಹೊಟ್ಟಿರುವವರು ಎಣ್ಣೆಯನ್ನು ನೆತ್ತಿಗೆ ತಿಕ್ಕದೆ, ಕಿವಿಯ ಮಟ್ಟದಿಂದ ಕೆಳಗಿನ ಕೂದಲಿಗೆ ಮಾತ್ರ ಸವರಿಕೊಳ್ಳಬಹುದು. ಹಕ್ಕಳೆ ಬಹಳ ದಪ್ಪಗಟ್ಟಿದ್ದರೆ, ಅದನ್ನು ಮೆದುಗೊಳಿಸಲು ಸ್ನಾನಕ್ಕೆ ಅರ್ಧ ಗಂಟೆ ಮೊದಲು ನೆತ್ತಿಗೆ ಹಚ್ಚಿ ಸಂಪೂರ್ಣವಾಗಿ ತೊಳೆದುಬಿಡುವುದಕ್ಕೂ ನನ್ನ ಅಡ್ಡಿಯಿಲ್ಲ. ಹಚ್ಚಿಕೊಂಡು ಮಲಗುವುದು, ಎಣ್ಣೆತಲೆಯಲ್ಲಿಯೇ ಎರಡು ಮೂರು ದಿನ ಓಡಾಡುವುದು ಬೇಡ.

ತಿಪಟೂರಿನ ಗೃಹಿಣಿ

ಮೇಡಂ, ಬಹಳ ಉಪಕಾರವಾಯಿತು. ಹಾಗಾದರೆ ಯಾವ ಶಾಂಪೂ ಬಳಸಬೇಕು? ಹೊಟ್ಟು ನಿವಾರಕ ಎಂದು ಬರೆದಿರುವ ಸ್ಯಾಚೆಟ್‌ಗಳನ್ನು ಬದಲಿಸಿ ಬದಲಿಸಿ ತಂದಿದ್ದೇವೆ, ಯಾವುದರಿಂದಲೂ ಅಷ್ಟಾಗಿ ಗುಣ ಕಾಣಲಿಲ್ಲ.

ಔಷಧಿ ಅಂಗಡಿ, ಮಧುಗಿರಿ

ಇದಕ್ಕೆ ನಾನು ಹೇಳಬಹುದೆಂದು ಭಾವಿಸುತ್ತೇನೆ, ಏಕೆಂದರೆ ನಮ್ಮ ಅಂಗಡಿಯ ಕಟ್ಟೆಯ ಮುಂದೆ ನಿಂತು ಜನ ಮುಖ್ಯವಾಗಿ ಕೇಳುವುದೇ ಇದನ್ನು. ಬಾಟಲಿಯ ಮುಂಭಾಗದಲ್ಲಿ ದೊಡ್ಡದಾಗಿ ಬರೆದಿರುವುದನ್ನು ನಂಬಿಕೊಂಡು ಕೊಳ್ಳಬೇಡಿ, ಹಿಂಭಾಗದ ಸಣ್ಣ ಅಕ್ಷರವನ್ನು ಓದಿ. ಅಲ್ಲಿ ಕೀಟೊಕೊನಜೋಲ್, ಝಿಂಕ್ ಪೈರಿಥಿಯೋನ್, ಸೆಲೆನಿಯಂ ಸಲ್ಫೈಡ್, ಸೈಕ್ಲೋಪಿರಾಕ್ಸ್ ಇವುಗಳಲ್ಲಿ ಯಾವುದಾದರೂ ಒಂದು ಇರಬೇಕು. ಯೀಸ್ಟಿನ ಸಂಖ್ಯೆಯನ್ನು ತಗ್ಗಿಸುವುದು ಇವೇ. ಕೀಟೊಕೊನಜೋಲ್ ಶಾಂಪೂ ಸಾಮಾನ್ಯವಾಗಿ 2 ಶೇಕಡಾ ಪ್ರಮಾಣದಲ್ಲಿ ಬರುತ್ತದೆ. ಸ್ಯಾಲಿಸಿಲಿಕ್ ಆಮ್ಲ ಇರುವ ಶಾಂಪೂ ಹಕ್ಕಳೆಯನ್ನು ಸಡಿಲಿಸುತ್ತದೆ. ಅದು ಮುಖ್ಯ ಔಷಧವಲ್ಲ, ಜೊತೆಗಾರ. ಬೇವು, ನಿಂಬೆ, ದಾಸವಾಳದ ಚಿತ್ರ ಮಾತ್ರ ಇದ್ದು ಮೇಲಿನ ಯಾವ ಹೆಸರೂ ಇಲ್ಲದಿದ್ದರೆ ಅದನ್ನು ಸಾಧಾರಣ ಶಾಂಪೂ ಎಂದೇ ತಿಳಿಯುವುದು ಕ್ಷೇಮ.

ಆದರೆ ಅಮ್ಮಾ, ನಿಮಗೆ ಗುಣ ಕಾಣದಿರುವುದಕ್ಕೆ ಶಾಂಪೂವಿನ ಹೆಸರಿಗಿಂತ ಅದನ್ನು ಬಳಸಿದ ರೀತಿಯೇ ಕಾರಣವಿರಬಹುದು. ನೊರೆ ಬಂದ ಕೂಡಲೇ ಒಂದು ಚೊಂಬು ನೀರು ಸುರಿದುಕೊಂಡರೆ ಔಷಧ ಬಚ್ಚಲಿಗೆ ಹೋಗುತ್ತದೆ, ನೆತ್ತಿಗಲ್ಲ. ತಲೆಯಲ್ಲಿ ಎಣ್ಣೆಯಿದ್ದರೆ ಮೊದಲು ಸಾಧಾರಣ ಶಾಂಪೂವಿನಿಂದ ಒಮ್ಮೆ ತೊಳೆದು ಜಿಡ್ಡು ತೆಗೆಯಬೇಕು. ಆಮೇಲೆ ಬೈತಲೆ ತೆಗೆದಂತೆ ಕೂದಲನ್ನು ಅಲ್ಲಲ್ಲಿ ಬಿಡಿಸಿ, ಔಷಧದ ಶಾಂಪೂವನ್ನು ಬೆರಳಿನ ತುದಿಯ ಮೆತ್ತನೆಯ ಭಾಗದಿಂದ ನೆತ್ತಿಗೆ ತಗುಲಿಸಿ, ಗಡಿಯಾರ ನೋಡಿಕೊಂಡು 5 ನಿಮಿಷ ಹಾಗೆಯೇ ಬಿಡಬೇಕು. ಉಗುರಿನಿಂದ ಕೆರೆಯಬಾರದು. ಅಷ್ಟು ಹೊತ್ತು ಬಚ್ಚಲಿನಲ್ಲಿ ಸುಮ್ಮನೆ ನಿಲ್ಲುವುದು ಹುಡುಗರಿಗೆ ಬೇಸರದ ಕೆಲಸ. ಮೈಗೆ ಸೋಪು ಹಚ್ಚಿಕೊಳ್ಳುವುದನ್ನು ಆ ಹೊತ್ತಿಗೆ ಇಟ್ಟುಕೊಳ್ಳಲು ಹೇಳಿ.

ಕೀಟೊಕೊನಜೋಲ್ ಆದರೆ ವಾರಕ್ಕೆ ಎರಡು ಸಲದಂತೆ 2ರಿಂದ 4 ವಾರ ಬಳಸಬೇಕು. ಮಿಕ್ಕ ದಿನಗಳಲ್ಲಿ ತಲೆ ತೊಳೆಯಬೇಕೆನಿಸಿದರೆ ಸಾಧಾರಣ ಶಾಂಪೂ ಸಾಕು. ಸೆಲೆನಿಯಂ ಸಲ್ಫೈಡ್ ಬಳಸುವ ಹೆಂಗಸರು ಓಲೆ, ಸರ, ಉಂಗುರ ತೆಗೆದಿಡಬೇಕು, ಅದು ಲೋಹಕ್ಕೆ ತಗುಲಿದರೆ ಬಣ್ಣಗೆಡಿಸುತ್ತದೆ. ನರೆತ ಕೂದಲು, ಬಣ್ಣ ಹಾಕಿದ ಕೂದಲಿನ ಮೇಲೂ ಅದರ ಕಲೆ ಕಾಣಿಸಬಹುದು.

ಕ್ಯಾತ್ಸಂದ್ರದ ವಿದ್ಯಾರ್ಥಿ

ಕೀಟೊಕೊನಜೋಲ್‌ನಿಂದ ಯಕೃತ್ತು ಕೆಡುತ್ತದೆ ಎಂದು ಓದಿದ್ದೇನೆ. ಯುರೋಪಿನಲ್ಲಿ ಅದನ್ನು ನಿಲ್ಲಿಸಿದ್ದಾರೆ ಎಂದೂ ಇತ್ತು. ಹೀಗಿರುವಾಗ ಹದಿನೈದರ ಹುಡುಗನಿಗೆ ಅದನ್ನು ಹೇಳುವುದು ಸರಿಯೇ? ಇನ್ನೊಂದು ಪ್ರಶ್ನೆ: ನಾನು ದಿನವೂ ಕಾಲೇಜಿಗೆ ಬೈಕಿನಲ್ಲಿ ಹೋಗುತ್ತೇನೆ. ಹೆಲ್ಮೆಟ್‌ನಿಂದಲೇ ಹೊಟ್ಟು ಬಂತೆಂದು ಗೆಳೆಯರು ಹೇಳುತ್ತಾರೆ.

ಔಷಧಿ ಅಂಗಡಿ, ಮಧುಗಿರಿ

ತಮ್ಮಾ, ನೀವು ಓದಿರುವುದು ಮಾತ್ರೆಯ ವಿಷಯ. ನುಂಗುವ ಕೀಟೊಕೊನಜೋಲ್‌ನಿಂದ ಯಕೃತ್ತಿಗೆ ತೀವ್ರ ಹಾನಿಯಾಗಬಹುದೆಂದು 2013ರಲ್ಲಿ ಯುರೋಪಿನ ಔಷಧ ಸಂಸ್ಥೆ ಶಿಲೀಂಧ್ರದ ಸೋಂಕಿಗೆ ಆ ಮಾತ್ರೆಯ ಬಳಕೆಯನ್ನು ನಿಲ್ಲಿಸಲು ಸೂಚಿಸಿತು, ಅಮೆರಿಕದಲ್ಲಿಯೂ ಅದೇ ವರ್ಷ ಕಟ್ಟುನಿಟ್ಟು ಮಾಡಿದರು. ತಲೆಗೆ ಹಚ್ಚಿ ತೊಳೆಯುವ ಶಾಂಪೂವಿನಿಂದ ರಕ್ತಕ್ಕೆ ಸೇರುವ ಅಂಶ ಲೆಕ್ಕಕ್ಕೆ ಬಾರದಷ್ಟು ಅಲ್ಪ, ಅದಕ್ಕೆ ಆ ನಿರ್ಬಂಧ ಅನ್ವಯಿಸಲಿಲ್ಲ. ಯುರೋಪಿನಲ್ಲಿ 2022ರ ಮಾರ್ಚ್‌ನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧವಾಗಿರುವುದು ಝಿಂಕ್ ಪೈರಿಥಿಯೋನ್. ಗರ್ಭದ ಮೇಲೆ ಅದು ಪರಿಣಾಮ ಬೀರಬಹುದೆಂಬ ವರ್ಗೀಕರಣದ ಕಾರಣದಿಂದ ಅಲ್ಲಿನ ಕಾನೂನಿನಂತೆ ಹಾಗೆ ಮಾಡಿದ್ದಾರೆ. ಗರ್ಭಿಣಿಯರು ಯಾವ ಔಷಧದ ಶಾಂಪೂವನ್ನಾದರೂ ವೈದ್ಯರನ್ನು ಕೇಳಿಯೇ ಬಳಸುವುದು ಲೇಸು.

ಹೆಲ್ಮೆಟ್ ಹೊಟ್ಟನ್ನು ಹುಟ್ಟಿಸುವುದಿಲ್ಲ. ಒದ್ದೆ ತಲೆಯ ಮೇಲೆ ಹಾಕಿಕೊಂಡು ಬೆವರಿದರೆ ಇರುವ ಹೊಟ್ಟು ಹೆಚ್ಚುತ್ತದೆ. ತಲೆ ಒಣಗಿದ ಮೇಲೆ ಹಾಕಿಕೊಳ್ಳಿ, ಒಳಗಿನ ಮೆತ್ತೆಯನ್ನು ಬಿಚ್ಚಿ ಆಗಾಗ ಒಗೆಯಿರಿ. ಹೊಟ್ಟಿನ ನೆಪ ಹೇಳಿ ಹೆಲ್ಮೆಟ್ ಬಿಡುವುದನ್ನು ಮಾತ್ರ ಯಾರೂ ಒಪ್ಪುವುದಿಲ್ಲ.

ಪಾವಗಡದ ನೌಕರ

ನಮ್ಮಲ್ಲಿ ಮುಖ್ಯವಾದ ಕಾರಣವೇ ನೀರು ಎಂದು ನನಗೆ ಅನಿಸುತ್ತದೆ. ಪಾವಗಡದ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದದ್ದೇ. ತಲೆ ತೊಳೆದರೆ ಕೂದಲು ಗುಂಜಿನಂತೆ ಒರಟಾಗುತ್ತದೆ, ಒಣಗಿದ ಮೇಲೆ ಬೂದುಬಣ್ಣದ ಪುಡಿ ಉದುರುತ್ತದೆ. ವರ್ಗವಾಗಿ ಇಲ್ಲಿಗೆ ಬರುವ ಮೊದಲು ನನಗೆ ಈ ತೊಂದರೆಯಿರಲಿಲ್ಲ.

ರಸಾಯನಶಾಸ್ತ್ರ ಉಪನ್ಯಾಸಕ, ಶಿರಾ

ಪಾವಗಡದವರ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ವಿಷಯಗಳು ಸೇರಿಕೊಂಡಿವೆ. ಫ್ಲೋರೈಡ್ ಕೆಡಿಸುವುದು ಹಲ್ಲು ಮತ್ತು ಮೂಳೆಯನ್ನು, ಅದೂ ಆ ನೀರನ್ನು ವರ್ಷಗಟ್ಟಲೆ ಕುಡಿದಾಗ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ತಲೆ ತೊಳೆಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ನಿಮ್ಮ ಕೂದಲನ್ನು ಒರಟು ಮಾಡುತ್ತಿರುವುದು ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಗಡಸು ನೀರಿನಲ್ಲಿ ಸೋಪು ನೊರೆ ಕೊಡುವ ಬದಲು ಈ ಲವಣಗಳೊಂದಿಗೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಬೂದುಬಣ್ಣದ ಜಿಗುಟು ಕಟ್ಟುತ್ತದೆಯಲ್ಲ, ಅದೇ. ಮೈಸೋಪನ್ನೇ ತಲೆಗೂ ಹಚ್ಚುವ ಅಭ್ಯಾಸ ನಮ್ಮ ಗಂಡಸರಲ್ಲಿ ಬಹಳವಿದೆ. ಆ ಗಸಿ ಕೂದಲಿನ ಮೇಲೆ ಕುಳಿತು ಒಣಗಿ ಉದುರಿದಾಗ ಹೊಟ್ಟಿನಂತೆಯೇ ಕಾಣುತ್ತದೆ. ಶಾಂಪೂಗಳಲ್ಲಿರುವ ಮಾರ್ಜಕ ಬೇರೆ ಬಗೆಯದು, ಗಡಸು ನೀರಿನಲ್ಲಿ ಅಂತಹ ಗಸಿಯನ್ನು ಉಂಟುಮಾಡುವುದಿಲ್ಲ. ಸೀಗೆಕಾಯಿ, ಅಂಟುವಾಳದ ಸ್ಯಾಪೊನಿನ್‌ಗಳೂ ಸೋಪಿನಂತೆ ಗಸಿ ಕಟ್ಟುವುದಿಲ್ಲ. ತಲೆಗೆ ಸೋಪು ಹಚ್ಚುವುದನ್ನು ನಿಲ್ಲಿಸಿ, ಕೊನೆಯ ಎರಡು ಚೊಂಬು ಮಾತ್ರ ಮಳೆನೀರನ್ನೋ ಶುದ್ಧೀಕರಣ ಘಟಕದ ನೀರನ್ನೋ ಸುರಿದುಕೊಂಡು ನೋಡಿ. ಉದುರುವುದು ನಿಂತರೆ ಅದು ಗಸಿ. ನಿಲ್ಲದೆ ಕೆರೆತವೂ ಇದ್ದರೆ ಅದು ಹೊಟ್ಟೇ, ಮೇಲೆ ಹೇಳಿದ ಶಾಂಪೂವಿನ ದಾರಿಗೆ ಬನ್ನಿ.

ಗುಬ್ಬಿಯ ಓದುಗ

ನೋಡಿ, ಕೊನೆಗೆ ಸೀಗೆಕಾಯಿಗೇ ಬಂದಿರಿ! ಅಜ್ಜಿಯ ಕಾಲದಲ್ಲಿ ಇದ್ದದ್ದು ಅದೇ.

ಚರ್ಮವೈದ್ಯೆ, ತುಮಕೂರು

ಸ್ವಾಮಿ, ಸೀಗೆಕಾಯಿ ಜಿಡ್ಡನ್ನು ತೆಗೆಯುತ್ತದೆ, ಅಷ್ಟರಮಟ್ಟಿಗೆ ಯೀಸ್ಟಿನ ಆಹಾರವನ್ನು ಕಡಿಮೆ ಮಾಡುತ್ತದೆ. ಸೌಮ್ಯವಾದ ಹೊಟ್ಟಿಗೆ ಅದು ಸಾಕಾಗಲೂಬಹುದು. ಆದರೆ ನುಣ್ಣಗೆ ಸೋಸದ ಪುಡಿಯ ತರಿ ಕೆರಳಿದ ನೆತ್ತಿಯನ್ನು ಗೀಚುತ್ತದೆ, ಕೂದಲಿನ ಬುಡದಲ್ಲಿ ಉಳಿದು ಒಣಗಿದರೆ ಅದೇ ಹೊಟ್ಟಿನಂತೆ ಉದುರುತ್ತದೆ. ಬಳಸುವುದಾದರೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ನೀರನ್ನು ಬಳಸಿ. ಇನ್ನು ತಮ್ಮ ಅಜ್ಜಿಯವರ ಮಾತು: ವಯಸ್ಸಾದಂತೆ, ಅದರಲ್ಲಿಯೂ ಮುಟ್ಟು ನಿಂತ ಹೆಂಗಸರಲ್ಲಿ, ಎಣ್ಣೆಗ್ರಂಥಿಗಳ ಸ್ರಾವವೇ ತಗ್ಗುತ್ತದೆ. ತಾವು ಕಂಡದ್ದು ಅವರ ಹದಿನೈದನೆಯ ವಯಸ್ಸಿನ ತಲೆಯನ್ನಲ್ಲವಲ್ಲ.

ಕುಣಿಗಲ್‌ನ ಕಟಿಂಗ್ ಅಂಗಡಿ

ನಾನು ಓದಿದವನಲ್ಲ, ಆದರೂ ದಿನವೂ ಹತ್ತಾರು ತಲೆ ನೋಡುವವನಾದ್ದರಿಂದ ಎರಡು ಮಾತು ಹೇಳುತ್ತೇನೆ. ಬೋಳಿಸಿದರೆ ಹೊಟ್ಟು ಬುಡಸಮೇತ ಹೋಗುತ್ತದೆ ಎಂದು ಮೆಷಿನ್ ಹಾಕಿಸಿಕೊಳ್ಳಲು ಬರುವವರಿದ್ದಾರೆ. ಕೂದಲು ಬೆರಳಗಲ ಬೆಳೆಯುವಷ್ಟರಲ್ಲಿ ಅವರೇ ಮತ್ತೆ ಕೆರೆದುಕೊಳ್ಳುತ್ತ ಬರುತ್ತಾರೆ. ಇನ್ನು ಕೆಲವರಿಗೆ ಹೊಟ್ಟು ಪುಡಿಯಾಗಿ ಉದುರುವುದೇ ಇಲ್ಲ. ಹಿಂದಲೆಯಲ್ಲಿ, ಕತ್ತಿನ ಮೇಲಿನ ಅಂಚಿನಲ್ಲಿ ರೂಪಾಯಿ ಅಗಲದ ಕೆಂಪು ಮಚ್ಚೆ, ಅದರ ಮೇಲೆ ಬೆಳ್ಳಿಯ ಹೊಳಪಿನ ದಪ್ಪ ಪದರ ಕೂತಿರುತ್ತದೆ. ಬಾಚಣಿಗೆ ತಗುಲಿ ಪದರ ಎದ್ದರೆ ಕೆಳಗೆ ಸೂಜಿ ಮೊನೆಯಷ್ಟು ರಕ್ತ ಜಿನುಗುತ್ತದೆ. ಅಂತಹವರಿಗೆ ನಾನು ಕತ್ತರಿ ಇಡುವ ಮೊದಲೇ ಡಾಕ್ಟರಿಗೆ ತೋರಿಸಿ ಎನ್ನುತ್ತೇನೆ. ಇದು ಹೊಟ್ಟೇ ಹೌದೋ ಅಲ್ಲವೋ ಎಂಬುದನ್ನು ಮೇಡಂ ಅವರು ತಿಳಿಸಬೇಕು.

ಚರ್ಮವೈದ್ಯೆ, ತುಮಕೂರು

ಅಣ್ಣಾ, ನೀವು ವರ್ಣಿಸಿದ್ದು ಬಹುಮಟ್ಟಿಗೆ ಸೋರಿಯಾಸಿಸ್‌ನ ಲಕ್ಷಣ. ನಮ್ಮ ಪಠ್ಯಪುಸ್ತಕಗಳಲ್ಲಿ ಬರೆದಿರುವುದೂ ಹೀಗೆಯೇ. ಅದು ಅಂಟುವ ರೋಗವಲ್ಲವಾದ್ದರಿಂದ ಅಂತಹವರಿಗೆ ಕೂದಲು ಕತ್ತರಿಸಲು ನೀವು ಹಿಂಜರಿಯಬೇಕಾಗಿಲ್ಲ, ಗಾಯವಾಗದಂತೆ ನೋಡಿಕೊಂಡರೆ ಸಾಕು. ಆ ಮಚ್ಚೆ ಕೂದಲಿನ ಗಡಿಯನ್ನು ದಾಟಿ ಹಣೆಗೆ, ಕತ್ತಿಗೆ ಇಳಿಯುತ್ತದೆ. ಮೊಣಕೈ, ಮೊಣಕಾಲಿನ ಮೇಲೂ ಅಂತಹದೇ ಪದರವಿದ್ದು, ಉಗುರಿನ ಮೇಲೆ ಸೂಜಿಯಿಂದ ಚುಚ್ಚಿದಂತಹ ಸಣ್ಣ ಕುಳಿಗಳಿದ್ದರೆ ಅನುಮಾನ ಇನ್ನಷ್ಟು ಬಲವಾಗುತ್ತದೆ. ಅದಕ್ಕೆ ಹೊಟ್ಟಿನ ಶಾಂಪೂ ಸಾಲುವುದಿಲ್ಲ, ಚಿಕಿತ್ಸೆಯೇ ಬೇರೆ.

ಹೊಟ್ಟಿನ ತೀವ್ರ ರೂಪವನ್ನು ನಾವು ಸೆಬೊರಿಕ್ ಡರ್ಮಟೈಟಿಸ್ ಎನ್ನುತ್ತೇವೆ. ಅದರಲ್ಲಿ ನೆತ್ತಿಯ ಜೊತೆಗೆ ಹುಬ್ಬು, ಮೂಗಿನ ಪಕ್ಕದ ಸಂದು, ಕಿವಿಯ ಹಿಂಭಾಗ, ಕೆಲವೊಮ್ಮೆ ಎದೆಯ ನಡುಭಾಗ ಕೆಂಪಾಗಿ, ಜಿಡ್ಡಿನ ಹಕ್ಕಳೆ ಕಟ್ಟುತ್ತದೆ. ಪಾರ್ಕಿನ್‌ಸನ್ ಕಾಯಿಲೆಯಿರುವವರಲ್ಲಿ, ಎಚ್‌ಐವಿ ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದು ಹೆಚ್ಚು. ಇಂತಹ ಕೆಂಪಿಗೆ ಔಷಧಿ ಅಂಗಡಿಯಿಂದ ಸ್ಟಿರಾಯ್ಡ್ ಲೋಷನ್ ತಂದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವವರನ್ನು ನಾನು ದಿನವೂ ನೋಡುತ್ತೇನೆ. ಹಚ್ಚಿದ ಮರುದಿನವೇ ಕೆರೆತ ನಿಲ್ಲುವುದರಿಂದ ಜನ ಅದಕ್ಕೆ ಮಾರುಹೋಗುತ್ತಾರೆ. ಮುಖದ ಚರ್ಮ ತೆಳುವಾಗಿ, ಕೆಂಪು ನರಗಳು ಎದ್ದು, ಬಿಟ್ಟ ಕೂಡಲೇ ದುಪ್ಪಟ್ಟು ಕೆರಳುತ್ತದೆ. ಸ್ಟಿರಾಯ್ಡ್ ಬೇಕಾಗುವ ಸಂದರ್ಭ ಇಲ್ಲವೆಂದಲ್ಲ, ಎಷ್ಟು ದಿನ ಮತ್ತು ಯಾವ ಶಕ್ತಿಯದು ಎಂಬುದನ್ನು ವೈದ್ಯರು ಬರೆದುಕೊಡಬೇಕು.

ಬೋಳಿಸುವುದರ ಬಗ್ಗೆ ನಿಮ್ಮ ಅನುಭವವೇ ಸರಿ. ಯೀಸ್ಟ್ ಇರುವುದು ಕೂದಲಿನ ಎಳೆಯಲ್ಲಲ್ಲ, ಚರ್ಮದ ಮೇಲೆ ಮತ್ತು ಕೂದಲು ಹೊರಬರುವ ರಂಧ್ರದ ಬಾಯಲ್ಲಿ. ಮುಡಿ ಕೊಟ್ಟು ಬಂದವರಿಗೆ ಕೆಲವು ದಿನ ಶಾಂಪೂ ತಗುಲಿಸುವುದು ಸುಲಭವಾಗುತ್ತದೆ, ಅದಕ್ಕಿಂತ ಹೆಚ್ಚಿನ ಪ್ರಯೋಜನವಿಲ್ಲ.

ಅಂಗನವಾಡಿ ಕಾರ್ಯಕರ್ತೆ, ಕೊರಟಗೆರೆ

ಮೇಡಂ, ನಮ್ಮ ಕೇಂದ್ರಕ್ಕೆ ಬರುವ ಐದು ವರ್ಷದ ಮಗುವಿನ ತಲೆಯಲ್ಲಿ ಹೊಟ್ಟಿನಂತೆಯೇ ಇದೆ. ಒಂದು ಕಡೆ ಕೂದಲು ತುಂಡಾಗಿ ಬೋಳಾದಂತಿದೆ. ತಾಯಿ ಹೊಟ್ಟಿನ ಶಾಂಪೂ ಹಾಕುತ್ತಿದ್ದಾರೆ. ಮತ್ತೊಬ್ಬ ಬಾಣಂತಿಯ ಎರಡು ತಿಂಗಳ ಕೂಸಿಗೆ ನೆತ್ತಿಯ ಮೇಲೆ ಹಳದಿ ಹಕ್ಕಳೆ ದಪ್ಪಗೆ ಕಟ್ಟಿದೆ. ಇವೆರಡೂ ಒಂದೇ ಬಗೆಯವೇ?

ಚರ್ಮವೈದ್ಯೆ, ತುಮಕೂರು

ಎರಡೂ ಬೇರೆ, ಮತ್ತು ಮೊದಲನೆಯದು ಅವಸರದ್ದು. ಹರೆಯಕ್ಕೆ ಮೊದಲು ನಿಜವಾದ ಹೊಟ್ಟು ಅಪರೂಪ. ಆ ವಯಸ್ಸಿನ ಮಗುವಿನ ತಲೆಯಲ್ಲಿ ಹಕ್ಕಳೆಯ ಜೊತೆಗೆ ಕೂದಲು ಬುಡದಲ್ಲಿಯೇ ಮುರಿದು ಕಪ್ಪು ಚುಕ್ಕೆಗಳಂತೆ ಉಳಿದಿದ್ದರೆ, ಕತ್ತಿನ ಹಿಂದೆ ಗಂಟುಗಳು ಸಿಕ್ಕಿದರೆ, ಮೊದಲು ನೆನಪಾಗಬೇಕಾದುದು ತಲೆಯ ಹುಳುಕಡ್ಡಿ. ಇದರ ಶಿಲೀಂಧ್ರವೇ ಬೇರೆ, ಅದು ಕೂದಲಿನ ಎಳೆಯೊಳಗೆ ಹೊಕ್ಕಿರುವುದರಿಂದ ಶಾಂಪೂವಾಗಲಿ ಮುಲಾಮಾಗಲಿ ಅಲ್ಲಿಗೆ ತಲುಪುವುದಿಲ್ಲ. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಔಷಧವನ್ನು ಮಗುವಿನ ತೂಕಕ್ಕೆ ಸರಿಯಾಗಿ ಹಲವು ವಾರ ನುಂಗಿಸಬೇಕಾಗುತ್ತದೆ. ತಡಮಾಡಿದರೆ ಕೀವು ತುಂಬಿದ ಊತವಾಗಿ, ಅಲ್ಲಿ ಕೂದಲು ಶಾಶ್ವತವಾಗಿ ಬೆಳೆಯದೆ ಹೋಗಬಹುದು. ಇದು ಅಂಟುತ್ತದೆ, ಆದ್ದರಿಂದ ಆ ಮಗುವಿನ ಬಾಚಣಿಗೆ, ಟೋಪಿ, ಟವೆಲ್ಲನ್ನು ಬೇರೆ ಮಕ್ಕಳು ಬಳಸದಂತೆ ನೋಡಿಕೊಂಡು ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಕಳುಹಿಸಿ. ಮನೆಯ ಉಳಿದ ಮಕ್ಕಳ ತಲೆಯನ್ನೂ ನೋಡಬೇಕು. ಹೋಗುವ ಮುನ್ನ ಬೆಳಕಿನಲ್ಲಿ ನಿಲ್ಲಿಸಿ ಒಮ್ಮೆ ಸೀರನ್ನೂ ಹುಡುಕಿ: ಹೊಟ್ಟನ್ನು ಬೆರಳಿನಿಂದ ತಟ್ಟಿದರೆ ಜಾರಿ ಬೀಳುತ್ತದೆ, ಸೀರು ಎಳೆಗೆ ಗಟ್ಟಿಯಾಗಿ ಅಂಟಿಕೊಂಡು ಎಳೆದರೂ ಬರುವುದಿಲ್ಲ.

ಕೂಸಿನ ನೆತ್ತಿಯ ಹಳದಿ ಹಕ್ಕಳೆಗೆ ಗಾಬರಿ ಬೇಡ. ಮೊದಲ ಕೆಲವು ತಿಂಗಳಲ್ಲಿ ಕಾಣಿಸಿಕೊಂಡು ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ತಾನಾಗಿಯೇ ಹೋಗುತ್ತದೆ. ಸ್ನಾನಕ್ಕೆ ಮುಂಚೆ ಸ್ವಲ್ಪ ಎಣ್ಣೆ ಸವರಿ ಮೆದುವಾದ ಮೇಲೆ, ಮೃದುವಾದ ಬಟ್ಟೆಯಿಂದ ಒರೆಸಿ, ಮಕ್ಕಳ ಶಾಂಪೂವಿನಿಂದ ಎಣ್ಣೆ ಉಳಿಯದಂತೆ ತೊಳೆಯಲಿ. ಉಗುರಿನಿಂದ ಕೀಳಬಾರದು. ನೀರು ಹಾಕುವ ಅಜ್ಜಿಯರು ನೆತ್ತಿಗೆ ಹರಳೆಣ್ಣೆ ತುಂಬಿ ಹಾಗೆಯೇ ಬಿಡುವುದು ಬೇಡ. ಹಕ್ಕಳೆಯ ಸುತ್ತ ಕೆಂಪಾಗಿ ನೀರು ಸೋರಿದರೆ, ಮೈಮೇಲೂ ಹರಡಿದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ತಿಪಟೂರಿನ ಗೃಹಿಣಿ

ಮೇಡಂ, ಕೀಟೊಕೊನಜೋಲ್ ಶಾಂಪೂ ತಂದಿದ್ದೇವೆ. ನಾಲ್ಕು ವಾರದ ನಂತರ ಹೋದರೆ ಮತ್ತೆ ಬರುವುದಿಲ್ಲವೇ? ಹೊಟ್ಟಿನಿಂದ ಮಗನಿಗೆ ಬೊಕ್ಕತಲೆ ಆಗಬಹುದೆಂಬ ಭಯವೂ ನಮ್ಮ ಯಜಮಾನರಿಗಿದೆ.

ಚರ್ಮವೈದ್ಯೆ, ತುಮಕೂರು

ಬರುತ್ತದೆ. ಯೀಸ್ಟನ್ನು ಪೂರ್ತಿ ನಿರ್ಮೂಲ ಮಾಡುವ ಔಷಧವಿಲ್ಲ. ಶಾಂಪೂವನ್ನು ಏಕಾಏಕಿ ಬಿಟ್ಟರೆ ಕೆಲವು ವಾರಗಳಲ್ಲಿ ಹೊಟ್ಟು ಮರಳುತ್ತದೆ. ಆದ್ದರಿಂದ ಹತೋಟಿಗೆ ಬಂದ ಮೇಲೆಯೂ ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಅದೇ 5 ನಿಮಿಷದ ಕ್ರಮವನ್ನು ಮುಂದುವರಿಸಬೇಕು, ಚಳಿಗಾಲದಲ್ಲಿ ಸ್ವಲ್ಪ ಬಿಗಿ ಮಾಡಬೇಕು. ಒಂದೇ ಸಲಕ್ಕೆ ಬೇರುಸಹಿತ ಕೀಳುತ್ತೇವೆ ಎಂದು ಹೇಳಿ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ. ನಾಲ್ಕು ವಾರ ಸರಿಯಾಗಿ ಬಳಸಿದರೂ ಏನೂ ತಗ್ಗದಿದ್ದರೆ ಬೇರೆ ಔಷಧದ ಶಾಂಪೂವಿಗೆ ಬದಲಿಸಬಹುದು, ಆದರೆ ಅಷ್ಟರೊಳಗೆ ಒಮ್ಮೆ ತೋರಿಸಿದರೆ ಒಳ್ಳೆಯದು.

ಹೊಟ್ಟಿನಿಂದ ಬೊಕ್ಕತಲೆ ಆಗುವುದಿಲ್ಲ. ಗಂಡಸರ ಬೊಕ್ಕತನಕ್ಕೆ ಕಾರಣ ವಂಶವಾಹಿ ಮತ್ತು ಹಾರ್ಮೋನು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಎಲ್ಲರಿಗೂ ಸಹಜ. ಕೆರೆದು ಕೆರೆದು ಇನ್ನೂ ಕೆಲವು ಉದುರಬಹುದು, ಕೆರೆತ ನಿಂತರೆ ಅವು ಮತ್ತೆ ಬರುತ್ತವೆ. ಡೆಂಗಿ, ಚಿಕುನ್‌ಗುನ್ಯದಂತಹ ಜ್ವರವಾಗಿ ಎರಡು ಮೂರು ತಿಂಗಳ ನಂತರ ಕೂದಲು ಹಿಡಿ ಹಿಡಿಯಾಗಿ ಉದುರಲು ತೊಡಗಿದಾಗ ಹೊಸ ಶಾಂಪೂವಿನ ಮೇಲೆ ತಪ್ಪು ಹೊರಿಸುವವರೇ ಹೆಚ್ಚು. ಮಗನಿಗೆ ಇತ್ತೀಚೆಗೆ ಜ್ವರ ಬಂದಿತ್ತೇ ಎಂಬುದನ್ನು ಯಜಮಾನರು ನೆನಪಿಸಿಕೊಳ್ಳಲಿ.

ಚಿಕ್ಕನಾಯಕನಹಳ್ಳಿಯ ನಿವೃತ್ತ

ನನ್ನದು ಕೊನೆಯ ಪ್ರಶ್ನೆ. ಅರವತ್ತು ದಾಟಿದೆ, ಮೊದಲು ಎಂದೂ ಹೊಟ್ಟು ಇರಲಿಲ್ಲ. ಈಗ ತಲೆಗೆ ಕಪ್ಪು ಬಣ್ಣ ಹಚ್ಚಿದ ಒಂದೆರಡು ದಿನಕ್ಕೆ ನೆತ್ತಿ ಉರಿದು, ಕಿವಿಯ ಮೇಲೆ ಕೆಂಪಾಗಿ, ವಾರದಲ್ಲಿ ಸಿಪ್ಪೆಯಂತೆ ಏಳುತ್ತದೆ. ಕಳೆದ ಸಲ ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆಯೂ ಊದಿತ್ತು. ಮೇಲೆ ಹೇಳಿದ ಶಾಂಪೂ ಬಳಸಿದರೆ ನಿಲ್ಲುತ್ತದೆಯೇ?

ಚರ್ಮವೈದ್ಯೆ, ತುಮಕೂರು

ಹಿರಿಯರೇ, ಶಾಂಪೂ ಬೇಡ, ಬಣ್ಣವನ್ನು ಇಂದೇ ನಿಲ್ಲಿಸಿ. ಇದು ಹೊಟ್ಟಲ್ಲ, ಕಪ್ಪು ಬಣ್ಣಗಳಲ್ಲಿರುವ ಪ್ಯಾರಾಫಿನೈಲಿನ್‌ಡೈಅಮೀನ್ ಎಂಬ ವಸ್ತುವಿನ ಅಲರ್ಜಿಯ ಲಕ್ಷಣ. ವರ್ಷಗಟ್ಟಲೆ ಏನೂ ಆಗದೆ ಬಳಸಿದವರಿಗೂ ಒಂದು ದಿನ ಇದು ಶುರುವಾಗಬಹುದು, ಶುರುವಾದ ಮೇಲೆ ಪ್ರತಿ ಸಲವೂ ಹಿಂದಿನದಕ್ಕಿಂತ ಜೋರಾಗಬಹುದು. ರೆಪ್ಪೆ ಊದಿದ್ದು ಅದರ ಸೂಚನೆ. ಕಪ್ಪು ಮೆಹೆಂದಿ ಎಂದು ಮಾರುವ ಪುಡಿಗಳಲ್ಲಿಯೂ ಇದೇ ವಸ್ತು ಇರುವುದುಂಟು. ಹೆಸರು ಗಿಡಮೂಲಿಕೆಯದ್ದಾದರೂ ಪೊಟ್ಟಣದ ಹಿಂಭಾಗ ಓದದೆ ಹಚ್ಚಬೇಡಿ. ಏನೂ ಬೆರೆಸದ ಗೋರಂಟಿ ಸೊಪ್ಪಿನ ಪುಡಿ ಬೇಕಾದರೆ ಬಳಸಬಹುದು, ಬಣ್ಣ ಕೆಂಪಾಗಿ ಬರುತ್ತದೆ. ಅದನ್ನೂ ಮೊದಲು ಮೊಣಕೈಯ ಒಳಭಾಗದಲ್ಲಿ ಕಾಸಿನಗಲ ಹಚ್ಚಿ 48 ಗಂಟೆ ಕಾದು ನೋಡಿ. ಸದ್ಯದ ಉರಿ, ಊತಕ್ಕೆ ಚಿಕಿತ್ಸೆ ಬೇಕಾಗುತ್ತದೆ. ಬರುವಾಗ ಆ ಬಣ್ಣದ ಖಾಲಿ ಪೊಟ್ಟಣವನ್ನೂ ಜೊತೆಗೆ ತನ್ನಿ.